ನಿಮಿಷಕ್ಕೊಂದು ಹನಿ

ನಮ್ಮ ಬಾಡಗಂಡಿ ಕಡೆ ಮೋಟರ್ ಸೈಕಲ್ಲಿನ ಚೈನಿಗೆ ಎಣ್ಣೆ ಬೀಳುವುದು ಎರಡೇ ಸಂದರ್ಭಗಳಲ್ಲಿ. ಒಂದು, ದಸರೆಯ ಖಂಡೇಪೂಜೆ. ಇನ್ನೊಂದು, ಗಾಡಿ ಅಗಸಿಗೆ ಬರುವ ಮೊದಲೇ ಅದರ ಕಿರುಚಾಟ ಮನೆ ಮುಟ್ಟಿದಾಗ. ಮೊದಲನೆಯದರಲ್ಲಿ ಭಕ್ತಿ ಜಾಸ್ತಿ, ಎಣ್ಣೆ ಕಡಿಮೆ. ಎರಡನೆಯದರಲ್ಲಿ ಎಣ್ಣೆ ಧಾರಾಳ, ಆದರೆ ಅದು ಯಾರದೋ ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್ಲು. ಇಂಥ ಸೀಮೆಯಲ್ಲಿ ಕುಳಿತು ನಾನು ಚೈನಿಗೆ ತಾನೇ ಎಣ್ಣೆ ಬಿಡುವ ಯಂತ್ರದ ಆಯ್ಕೆಗೆ ಇಳಿದೆ. ಮಗಳಿಗೆ ವರ ಹುಡುಕುವವರೂ ಇಷ್ಟು ವಿಚಾರ ಮಾಡಲಿಕ್ಕಿಲ್ಲ.

ಯಂತ್ರ ನೋಡಲಿಕ್ಕೆ ಬಹಳ ಸಾದಾ. ಒಂದು ಡಬ್ಬಿ, ಒಂದು ಸಣ್ಣ ನಳಿಕೆ, ನಳಿಕೆಯ ಮೂತಿ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲಿನ ಹತ್ತಿರ. ಗಾಡಿ ಓಡುವಾಗ ನಿಮಿಷಕ್ಕೆ ಒಂದೋ ಎರಡೋ ಹನಿ. ಹಠವೆಲ್ಲ ಇರುವುದು ಆ ಹನಿಯನ್ನು ಬಿಡುವವರು ಯಾರು, ನಿಲ್ಲಿಸುವವರು ಯಾರು ಎಂಬಲ್ಲಿ. ಸ್ಕಾಟ್ಲೆಂಡಿನ ಸ್ಕಾಟಾಯ್ಲರ್ ಎಂಬುದು ಎಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತದಿಂದಲೇ ಬಾಯಿ ತೆರೆಯುತ್ತದೆ. ಎಂಜಿನ್ ಬಂದ್ ಆದರೆ ಅದೂ ಬಂದ್. ವಿದ್ಯುತ್ತಿನವು ಗಾಡಿಯ ಅಲುಗಾಟ ನೋಡಿ ಹನಿ ಲೆಕ್ಕ ಹಾಕುತ್ತವೆ. ಬಡವರಿಗೆ ಲೂಬ್‌ಮ್ಯಾನ್ ಇದೆ. ಹೊರಡುವಾಗ ಬಾಟಲಿ ಹಿಚುಕಿದರೆ ಆಯಿತು. ‘ತಾನೇ’ ಎಂಬ ಮಾತು ಅದಕ್ಕೆ ಒಪ್ಪುವುದಿಲ್ಲ, ಬೆಲೆ ಮಾತ್ರ ಒಪ್ಪುತ್ತದೆ. ಇದೇನು ಇತ್ತೀಚಿನ ವಿದ್ಯೆಯೂ ಅಲ್ಲ. 1969ರ ಹೋಂಡಾ ಸಿಬಿ 750ರಲ್ಲಿ ಕಾರ್ಖಾನೆಯವರೇ ಚೈನಿಗೆ ಎಣ್ಣೆ ಹರಿಯುವ ವ್ಯವಸ್ಥೆ ಮಾಡಿದ್ದರು. ಅದಕ್ಕೂ ಹಿಂದಿನ ಕೆಲವು ಬ್ರಿಟಿಷ್ ಗಾಡಿಗಳಲ್ಲಿ ಎಂಜಿನ್ನಿನ ಉಸಿರುನಳಿಕೆಯ ಎಣ್ಣೆಹಬೆಯನ್ನು ಚೈನಿನ ಮೇಲೇ ಬಿಡುತ್ತಿದ್ದರು. ಎಣ್ಣೆ ಸೋರಿದರೂ ಅದನ್ನು ಸೌಲಭ್ಯವೆಂದು ಕರೆಯುವ ಧೈರ್ಯ ಆ ಕಾಲಕ್ಕಿತ್ತು.

ಈ ವಿದ್ಯೆಯನ್ನೆಲ್ಲ ಮನೆಯಲ್ಲಿ ಉತ್ಸಾಹದಿಂದ ಬಿಚ್ಚಿಟ್ಟೆ. ಮನೆಯಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಪಡಸಾಲಿ ಬಾಗಲಾ ವರ್ಷಾತು ಕಿರ್ ಅಂತೈತಿ. ಅದಕ ಒಂದ ಹನಿ ಎಣ್ಣಿ ಬಿಡಾಕ ನಿಮಗ ಆಗವಲ್ದು. ಗಾಡಿಗಿ ಮಾತ್ರ ನಿಮಿಷಕ್ಕೊಂದ ಹನೀನ?” ಅಂದಳು. ಇದಕ್ಕೆ ಸ್ಕಾಟ್ಲೆಂಡಿನವರ ಬಳಿಯೂ ಉತ್ತರವಿರಲಿಕ್ಕಿಲ್ಲ.

ಗ್ಯಾರೇಜಿನ ಮಿಸ್ತ್ರಿ ಇನ್ನೂ ಮುಂದೆ ಹೋದ. “ಮಾಸ್ತರ್ರ, ಅಷ್ಟ ರೊಕ್ಕಾ ಯಾಕ ಹಾಕ್ತೀರಿ? ಮೆಡಿಕಲ್ ಅಂಗಡ್ಯಾಗ ಸಲೈನ್ ಪೈಪ್ ತರ್ರಿ. ಹನಿ ಹೆಚ್ಚು ಕಡಿಮಿ ಮಾಡೋ ಗಾಲಿನೂ ಅದರಾಗ ಐತಿ.” ನನಗೆ ಖುಷಿಯಾಯಿತು. ನಮ್ಮೂರಲ್ಲಿ ಈಗ ಮೆಡಿಕಲ್ ಕಾಲೇಜೇ ಇದೆ, ಸಲೈನಿಗೇನು ಬರ! ಆದರೆ ಮಿಸ್ತ್ರಿ ಕೂಡಲೇ ಅಡ್ಡಗೋಡೆ ಹಾಕಿದ: “ಒಂದ ಮಾತ ನೆನಪಿಡ್ರಿ. ಸಲೈನಿಗೆ ಎಂಜಿನ್ ಬಂದ್ ಆಗಿದ್ದು ತಿಳಿಯೂದಿಲ್ಲ. ರಾತ್ರಿ ಗಾಲಿ ತಿರುವೂದು ಮರತ್ರಿ ಅಂದ್ರ ಮುಂಜಾನೆ ಅಕ್ಕಾರು ರಂಗೋಲಿ ಎಣ್ಣ್ಯಾಗ ಹಾಕಬೇಕಾಕ್ಕೈತಿ. ಮ್ಯಾಲ ಹನಿ ಟೈರಿಗೆ ಬಿತ್ತಂದ್ರ ತಿರುವಿನ್ಯಾಗ ನಿಮಗ ಖರೇ ಸಲೈನ್ ಹಚ್ಚತಾರ.”

ಅವನು ಹೇಳದೇ ಬಿಟ್ಟ ಮಾತು ಧೂಳಿನದು. ಈ ಯಂತ್ರದ ತವರಾದ ಗ್ಲಾಸ್ಗೋ ಕಡೆ ಬೀಳುವ ಮಳೆ ನಮ್ಮ ಬಾಗಲಕೋಟೆ ಜಿಲ್ಲೆಯದರ ಹತ್ತಿರ ಹತ್ತಿರ ಎರಡು ಪಟ್ಟು. ಅಲ್ಲಿ ಚೈನಿನ ವೈರಿ ತುಕ್ಕು. ಎಣ್ಣೆ ಎಷ್ಟು ಹನಿಸಿದರೂ ಮಳೆ ತೊಳೆದೊಯ್ಯುತ್ತದೆ. ಇಲ್ಲಿ ಎರಿಮಣ್ಣು. ಕಬ್ಬಿನ ಹಂಗಾಮು ಶುರುವಾದರೆ ಬೀಳಗಿ, ಮುಧೋಳ, ಜಮಖಂಡಿಯ ರಸ್ತೆಗಳಲ್ಲಿ ಎರಡೆರಡು ಡಬ್ಬಿ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಮನುಷ್ಯನಿಗೇ ತನ್ನ ಮೈಬಣ್ಣ ಮರೆತುಹೋಗುತ್ತದೆ. ಆ ಧೂಳಿಗೆ ಎಣ್ಣೆ ಕೂಡಿದರೆ ಮಿಸ್ತ್ರಿಗಳು ವಾಲ್ವ್ ಉಜ್ಜಲು ಬಳಸುವ ಪೇಸ್ಟಿನ ತಮ್ಮನೇ ಹುಟ್ಟುತ್ತಾನೆ, ಸ್ಪ್ರಾಕೆಟ್ಟಿನ ಹಲ್ಲನ್ನು ನುಣ್ಣಗೆ ತಿನ್ನುತ್ತಾನೆ. ಎಣ್ಣೆ ಹರಿಯುತ್ತಲೇ ಇದ್ದರೆ ಧೂಳನ್ನೂ ಹೊತ್ತುಕೊಂಡು ಸಿಡಿದು ಹೋಗುತ್ತದೆ ಎಂಬುದು ಯಂತ್ರದವರ ವಾದ. ವಾದ ಸುಳ್ಳಲ್ಲ. ಸಿಡಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಅವರು ಹೇಳುವುದಿಲ್ಲ. ನಾನು ಹೇಳುತ್ತೇನೆ: ಬಿಳೀ ಧೋತರಕ್ಕೆ, ಹಿಂದೆ ಕುಳಿತವರ ಇಳಕಲ್ ಸೀರೆಯ ಅಂಚಿಗೆ.

ನಮ್ಮ ದೇಶದ ಕಾನೂನಿಗೂ ಈ ಅಂಚಿನ ಚಿಂತೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕುಳಿತವರ ಬಟ್ಟೆ ಗಾಲಿಗೆ ಸಿಗದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮರೆಯಾಗಿರಬೇಕು. ಸೀರೆಯ ಸಲುವಾಗಿ ಜಾಲರಿ ಕಟ್ಟುವ ದೇಶದಲ್ಲಿ ಎಣ್ಣೆ ಎರಚುವ ಯಂತ್ರವನ್ನು ದುಡ್ಡು ಕೊಟ್ಟು ತರುವುದು ಧೈರ್ಯದ ಕೆಲಸ.

ಎಣ್ಣೆಯ ಪ್ರಶ್ನೆ ಬೇರೆಯೇ ಇದೆ. ನಮ್ಮ ಹಿರಿಯರ ಚಕ್ಕಡಿಗೆ ಔಡಲೆಣ್ಣೆಯ ಕೀಲೆಣ್ಣೆ ಸಾಕಾಗುತ್ತಿತ್ತು. ಅದೇ ಔಡಲೆಣ್ಣೆಯನ್ನು ಎಂಜಿನ್ ಆಯಿಲ್ಲಿಗೆ ಬೆರೆಸಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಕ್ಯಾಸ್ಟ್ರಾಲ್ ಎಂದು ಮಾರಿತು. ಚಕ್ಕಡಿಯ ಅಚ್ಚಿಗೂ ಚೈನಿಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನೊಲ್ಡ್ ರೂಪಿಸಿದ ರೋಲರ್ ಚೈನಿನ ಕೊಂಡಿ ಕೊಂಡಿಗೂ ಪಿನ್ನು, ಬುಷ್ಷು, ರೋಲರು. ಒಂದೊಂದಕ್ಕೂ ಎಣ್ಣೆಯ ಹಸಿವು. ಆದರೆ ಈಗಿನ ಅನೇಕ ಗಾಡಿಗಳಲ್ಲಿ ಓ-ರಿಂಗ್ ಚೈನು ಬರುತ್ತದೆ. ಒಳಗಿನ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ರಬ್ಬರಿನ ಉಂಗುರ ಹಾಕಿ ಮುಚ್ಚಿರುತ್ತಾರೆ. ನಾವು ಹೊರಗಿನಿಂದ ಬಿಡುವ ಎಣ್ಣೆ ರೋಲರಿಗೆ, ತುಕ್ಕಿಗೆ, ಆ ಉಂಗುರ ಒಣಗದಿರಲಿಕ್ಕೆ ಅಷ್ಟೆ. ಅಷ್ಟಕ್ಕೆ ನಿಮಿಷ ನಿಮಿಷದ ಉಪಚಾರ ಬೇಕೇ?

ನನ್ನ ತೀರ್ಪು ಇದು. ನೀವು ಆಗುಂಬೆ, ಮಡಿಕೇರಿ ಕಡೆಯವರಾಗಿ ದಿನಾ ಮಳೆಯಲ್ಲಿ ದೂರ ಹೋಗುವವರಾದರೆ ಯಂತ್ರ ಹಾಕಿಸಿ. ಎಂಜಿನ್ನಿನ ಜೊತೆಗೇ ನಿಲ್ಲುವಂಥದನ್ನೇ ಹಾಕಿಸಿ, ಮೂತಿ ಟೈರಿನತ್ತ ಇರದಂತೆ ನೋಡಿ. ಬಾಡಗಂಡಿ ಕಡೆಯವರಾದರೆ ಚೈನಿಗೆ ಪೂರ್ತಿ ಕವರ್ ಇರುವ ಗಾಡಿ ಕೊಳ್ಳಿ. ಬಿಚ್ಚುಚೈನಿನ ಗಾಡಿ ಕೊಂಡದ್ದಾಗಿದ್ದರೆ ಹಳೇ ಬ್ರಷ್ಷು, ಸ್ವಲ್ಪ ಚಿಮಣಿ ಎಣ್ಣೆ, 90 ನಂಬರಿನ ಗಿಯರ್ ಆಯಿಲ್ ಸಾಕು. ಪೆಟ್ರೋಲಿನಿಂದ ತೊಳೆಯಬೇಡಿ, ರಬ್ಬರಿನ ಉಂಗುರ ಕೆಡುತ್ತದೆ. ಎಣ್ಣೆ ಬಿಟ್ಟ ಮೇಲೆ ಹೆಚ್ಚಾದದ್ದನ್ನು ಅರಿವೆಯಿಂದ ಒರೆಸಿ. ಒರೆಸುವಾಗ ಎಂಜಿನ್ ಬಂದ್ ಮಾಡಿ ಗಾಲಿಯನ್ನು ಕೈಯಿಂದಲೇ ತಿರುಗಿಸಿ. ಗಾಡಿ ಚಾಲೂ ಇಟ್ಟು ಗೇರ್ ಹಾಕಿ ಒರೆಸಲು ಹೋದರೆ ಬೆರಳು ಹೋಗುತ್ತದೆ.