ದೀಪ ಆರಿಸಿ ಅಳೆದ ಕತ್ತಲು

ಮಾನಿಟರಿನ ಡಬ್ಬಿಯ ಮೇಲೆ ಸುಳ್ಳು ಕಡಿಮೆ. ಅಲ್ಲಿರುವುದು ಮಾರುವವರಿಗೆ ಅನುಕೂಲವಾದ ಕಡೆಯಿಂದ ಅಳೆದ ನಿಜ. 27 ಇಂಚು ಎಂದರೆ ಮೂಲೆಯಿಂದ ಮೂಲೆಗೆ. ಪೈಥಾಗೊರಸನನ್ನು ಎಬ್ಬಿಸಿ ಕೇಳಿದರೆ ಅಗಲ 23.5, ಎತ್ತರ 13 ಚಿಲ್ಲರೆ ಅನ್ನುತ್ತಾನೆ. 1080ರ ಕಾಲದಲ್ಲಿ ಮೇಲಿಂದ ಕೆಳಕ್ಕೆ ಗೆರೆ ಎಣಿಸುತ್ತಿದ್ದವರು, 4ಕೆ ಬಂದದ್ದೇ ತಡ, ಅಡ್ಡಕ್ಕೆ ಎಣಿಸತೊಡಗಿದರು. ಹಳೆಯ ಲೆಕ್ಕದಲ್ಲಿ ಅದು ಬರೀ 2160! ಅಡ್ಡಕ್ಕೆ ಎಣಿಸಿದರೂ ಸಿಗುವುದು 3840. ಮಿಕ್ಕ 160ನ್ನು ಕೊಳ್ಳುವವರು ಭಕ್ತಿಯಿಂದ ತುಂಬಿಕೊಳ್ಳಬೇಕು.

ಇವೆಲ್ಲ ಸಣ್ಣಪುಟ್ಟವು. ನಿಜವಾದ ಪ್ರತಿಭೆ ಅರಳಿರುವುದು 'ಡೈನಾಮಿಕ್ ಕಾಂಟ್ರಾಸ್ಟ್' ಎಂಬಲ್ಲಿ. ಸಾಮಾನ್ಯ ಐಪಿಎಸ್ ಪರದೆಯಲ್ಲಿ ಬಿಳಿಯ ಬೆಳಕು ಕಪ್ಪಿನ ಸುಮಾರು ಸಾವಿರ ಪಟ್ಟು. ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಮುಂದಿನ ಎಲ್‌ಸಿಡಿ ಪದರ ಅದನ್ನು ಪೂರ್ತಿ ತಡೆಯಲಾರದು. ಹಾಗಾಗಿ ಕಪ್ಪು ಎಂಬುದು ಕಡುಬೂದಿ. ಡಬ್ಬಿಯ ಮೇಲೆ ಮಾತ್ರ 10,00,00,000:1! ಉಪಾಯ ಇಷ್ಟೇ: ಬಿಳಿಯನ್ನು ಅಳೆಯುವಾಗ ದೀಪ ಭರ್ತಿ, ಕಪ್ಪನ್ನು ಅಳೆಯುವಾಗ ದೀಪ ತಗ್ಗಿಸುವುದು, ಸಾಧ್ಯವಾದರೆ ಆರಿಸಿಯೇ ಬಿಡುವುದು. ಕಛೇರಿ ಮುಗಿಸಿ ಮನೆಗೆ ಹೋಗಿ ಮಲಗಿದ ಗಾಯಕನ ಮೌನವನ್ನು ಅವನ ಮಂದ್ರಸ್ಥಾಯಿಯ ಲೆಕ್ಕಕ್ಕೆ ಸೇರಿಸಿ, 'ಎಂಥ ಶಾರೀರ!' ಎಂದು ತಲೆದೂಗಿದ ಹಾಗಾಯಿತು. ಗೊರಕೆ ಹೊಡೆದರೆ ಮಾತ್ರ ಅಂಕ ಕಡಿತ. ದೀಪ ಪೂರ್ತಿ ಆರಿದರೆ ಭಾಗಿಸುವ ಸಂಖ್ಯೆ ಸೊನ್ನೆ, ಉತ್ತರ ಅನಂತ. ಹತ್ತು ಕೋಟಿಗೇ ನಿಲ್ಲಿಸಿದವರ ಸಂಕೋಚವನ್ನು ಮೆಚ್ಚಲೇಬೇಕು. ಒಂದೇ ಚಿತ್ರದಲ್ಲಿ ಕಪ್ಪೂ ಬಿಳಿಯೂ ಒಟ್ಟಿಗಿದ್ದರೆ ಈ ಕೋಟಿಗಳಿಂದ ಕಾಸಿನ ಉಪಯೋಗವಿಲ್ಲ, ಮತ್ತೆ ಅದೇ ಸಾವಿರ.

ಇದಕ್ಕೆಲ್ಲ ಮಾನದಂಡಗಳಿಲ್ಲವೇ ಎನ್ನಬಹುದು. ಇವೆ. ವೆಸಾ ಸಂಸ್ಥೆ 2017ರಲ್ಲಿ ಡಿಸ್‌ಪ್ಲೇಎಚ್‌ಡಿಆರ್ ದರ್ಜೆಗಳನ್ನು ತಂದಿತು, ಒಳ್ಳೆಯ ಕೆಲಸ. ಆದರೆ ಅದರ ಅತಿ ಕೆಳಗಿನ ಮೆಟ್ಟಿಲಿಗೆ ಬೆಳಕು 400 ನಿಟ್ಸ್ ಇದ್ದರೆ ಸಾಕು; ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ ಸಿದ್ಧಪಡಿಸುವುದು 1000 ನಿಟ್ಸ್ ಅಥವಾ ಅದಕ್ಕೂ ಮೇಲೆ. ಪಾಸು ಮಾಡಿಸಲೆಂದೇ ಇಟ್ಟ ದರ್ಜೆ ಅದು, ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದೂ ಅದೇ. ಬಳಸುವವರಿಗೆ ಇಷ್ಟೆಲ್ಲ ಯಾಕೆ, ಕಣ್ಣಿಗೆ ಚೆನ್ನಾಗಿದ್ದರಾಯಿತು ಎಂಬ ವಾದವೂ ಇದೆ. ಕಣ್ಣಿನ ಮಾತಾದರೆ, ಅಕ್ಷರ ಓದುವವರಿಗೆ ಬೇಕಾದ ಲೆಕ್ಕವೇ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವುದಿಲ್ಲ: ಇಂಚಿಗೆ ಎಷ್ಟು ಪಿಕ್ಸೆಲ್. 27 ಇಂಚಿನಲ್ಲಿ 1080 ಆದರೆ ಸುಮಾರು 82. ಒತ್ತಕ್ಷರದ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. 1440 ಆದರೆ 109, ಓದಲು ಹಿತ. ಅಂಗಡಿಗೆ ಹೋದಾಗ ಈ ಭಾಗಾಕಾರ ಮಾಡಿ. ಕೋಟಿಗಳ ಮಾತೆತ್ತಿದರೆ, ದೀಪ ಮುಟ್ಟದೆ ಅಳೆದ 'ಸ್ಟ್ಯಾಟಿಕ್ ಕಾಂಟ್ರಾಸ್ಟ್' ಎಷ್ಟು ಎಂದಷ್ಟೇ ಕೇಳಿ.