ಜೆರಾಕ್ಸ್ ಮೀಮಾಂಸೆ

ಮನುಷ್ಯನ ಡಿಜಿಟಲ್ ಗುರುತನ್ನು ಕಾನೂನು ಕಾಯಬಲ್ಲುದೇ? ಈ ಗಹನ ಪ್ರಶ್ನೆಗೆ ವಿದ್ವಾಂಸರು ಇಷ್ಟು ಕಾಲ ನ್ಯಾಯಾಲಯಗಳಲ್ಲಿ ಉತ್ತರ ಹುಡುಕಿದ್ದಾರೆ. ಹುಡುಕಬೇಕಿದ್ದದ್ದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ.

ಮೊದಲು ಪೂರ್ವಪಕ್ಷ. ಕಾನೂನು ಕಾಯುತ್ತದೆ ಎನ್ನುವವರ ಬಳಿ ಘನವಾದ ಪ್ರಮಾಣಗಳಿವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. ಮರುವರ್ಷ ಆಧಾರ್ ಕಾಯ್ದೆ 4–1ರಲ್ಲಿ ಉಳಿದುಕೊಂಡಿತಾದರೂ ಖಾಸಗಿ ಕಂಪನಿಗಳ ಕೈ ಕಟ್ಟಲಾಯಿತು. 2019ರ ತಿದ್ದುಪಡಿ ಬ್ಯಾಂಕು, ಮೊಬೈಲ್ ಕಂಪನಿಗಳ ಕಟ್ಟನ್ನು 'ಸ್ವಇಚ್ಛೆ'ಯ ಹೆಸರಿನಲ್ಲಿ ಸಡಿಲಿಸಿತು. ಸ್ವಇಚ್ಛೆಯ ಲಕ್ಷಣ: ಬೆನ್ನ ಹಿಂದೆ ಉದ್ದನೆಯ ಕ್ಯೂ ಗೊಣಗುತ್ತಿರುವಾಗ ಕೌಂಟರಿನಲ್ಲಿ ತಾನಾಗಿ ಉದಯಿಸುವ ಸಮ್ಮತಿ.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ದತ್ತಾಂಶವನ್ನು ಭದ್ರವಾಗಿ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ! ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವನಿಗೆ ದೇಶಸೇವೆಯ ಪುಣ್ಯ. ಅವನು ಕ್ಷುಲ್ಲಕ ದೂರು ಕೊಟ್ಟನೆಂದು ಸಾಬೀತಾದರೆ ಅವನಿಗೇ 10,000 ರೂಪಾಯಿವರೆಗೆ ದಂಡ. ಕೇಂದ್ರ ಸರ್ಕಾರ ಮನಸ್ಸು ಮಾಡಿದರೆ ತನ್ನ ಸಂಸ್ಥೆಗಳನ್ನು ದೇಶದ ಭದ್ರತೆಯಂಥ ಕಾರಣ ಕೊಟ್ಟು ಕಾಯ್ದೆಯ ಆಚೆ ನಿಲ್ಲಿಸಬಹುದು. ಕಾವಲುಗಾರನ ಜೇಬು ತಡಕುವುದು ಶಾಸ್ತ್ರಸಮ್ಮತವಲ್ಲ, ನೋಡಿ.

ಉತ್ತರಪಕ್ಷಕ್ಕೆ ಒಂದೇ ಪ್ರಮಾಣ ಸಾಕು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯಿಂದ ಒಂದು ಸತ್ಯ ಹೊರಬಿತ್ತು: ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗವಾದೀತು; ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಪ್ರತಿ ಕೊಡಿ. ಜನ ಹೌಹಾರಿದರು. ಲಾಡ್ಜು, ಪಿ.ಜಿ., ಸಿಮ್ ಅಂಗಡಿ ಎಲ್ಲೆಲ್ಲಿ ಎಷ್ಟು ಪ್ರತಿ ಬಿತ್ತಿದ್ದೇವೆಂದು ಲೆಕ್ಕ ಹಾಕತೊಡಗುವಷ್ಟರಲ್ಲೇ, ತಪ್ಪಾಗಿ ಅರ್ಥೈಸುವ ಸಂಭವವಿದೆಯೆಂದು ಸರ್ಕಾರ ಆ ಸತ್ಯವನ್ನು ಹಿಂಪಡೆಯಿತು. ಸಾಮಾನ್ಯ ವಿವೇಕ ಬಳಸಿದರೆ ಸಾಕಂತೆ. ಮರುವರ್ಷವೇ ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ನಕಲು ಮಾಡಿ ಒಟಿಪಿ ಬೇಡದೆ ಬ್ಯಾಂಕ್ ಖಾತೆ ಬರಿದು ಮಾಡಿದ ಪ್ರಕರಣಗಳು ಬೆಂಗಳೂರಿನಲ್ಲೂ ಬಯಲಾದವು. ಹೆಬ್ಬೆರಳು ಬದಲಾಯಿಸುವ ಅರ್ಜಿ ನಮೂನೆ ಇನ್ನೂ ಮುದ್ರಣವಾಗಿಲ್ಲ.

ಆದ್ದರಿಂದ ಸಿದ್ಧಾಂತ: ಕಾನೂನು ಗುರುತನ್ನು ಕಾಯುತ್ತದೆ, ಅದು ಕಳುವಾದ ಮೇಲೆ. ಆಕ್ಷೇಪವಿರುವ ಪಂಡಿತರು ಸ್ವಯಂ ದೃಢೀಕರಿಸಿದ ಆಧಾರ್ ಜೆರಾಕ್ಸ್ ಎರಡು ಪ್ರತಿ ಲಗತ್ತಿಸಿ ಬರೆಯತಕ್ಕದ್ದು. ಉಳಿದವರು ಇವತ್ತೇ ಪ್ರಾಧಿಕಾರದ ಜಾಲತಾಣದಲ್ಲಿ ನಿಮ್ಮ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ಇದು ಮಾತ್ರ ತಮಾಷೆಯಲ್ಲ.