ಮಾಳಿಗೆ ನೆರಳಿನ ಮಹಾರಾಣಿ

ಗುಂಡ್ಲುಪೇಟೆಯವರಿಗೆ ಊಟಿ ಪರಸ್ಥಳವೇ ಅಲ್ಲ. ಮಸಿನಗುಡಿ ದಾರಿ ಹಿಡಿದರೆ ಸುಮಾರು 70 ಕಿಲೋಮೀಟರು. ಬೆಳಿಗ್ಗೆ ಇಡ್ಲಿ ತಿಂದು ಹೊರಟವರು ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ, ಚಿತ್ರಾನ್ನದ ಡಬ್ಬಿ ಖಾಲಿ ಮಾಡಿ, ರಾತ್ರಿ 9ಕ್ಕೆ ಬಂಡೀಪುರದ ಗೇಟು ಬೀಳುವುದರೊಳಗೆ ಮನೆಗೆ ಬಂದು ಮುದ್ದೆ ಉಣ್ಣುತ್ತಾರೆ. ನೆಂಟರು ಬಂದರೆ ಊಟಿ, ಮಕ್ಕಳ ಪರೀಕ್ಷೆ ಮುಗಿದರೆ ಊಟಿ, ಗಂಡ ಹೆಂಡತಿ ಮುನಿಸಿಕೊಂಡರೂ ಊಟಿ. 2024ರ ಮೇ ತಿಂಗಳಿಂದ ಇ-ಪಾಸ್ ಕಡ್ಡಾಯವಾದ ಮೇಲೂ ಯಾರೂ ಜಗ್ಗಿಲ್ಲ. ವಾಪಸು ಬರುವ ಕಾರಿನೊಳಗೆ ಇಣುಕಿ ನೋಡಿ: ವರ್ಕಿ ಪೊಟ್ಟಣ, ನೀಲಗಿರಿ ಎಣ್ಣೆ ಬಾಟ್ಲಿ, ಹಿಂದಿನ ಸೀಟಿನಲ್ಲಿ ಅಜ್ಜಿಯ ಕಾಲಬುಡದಲ್ಲಿ ಒಂದು ಹೈಡ್ರಾಂಜಿಯ ಕುಂಡ.

ವರ್ಕಿ ಎರಡು ದಿನಕ್ಕೆ ಮುಗಿಯುತ್ತದೆ. ಎಣ್ಣೆ ಅಜ್ಜಿಯ ಮಂಡಿಗೆ ಹೋಗುತ್ತದೆ. ಹೈಡ್ರಾಂಜಿಯ ಮಾತ್ರ ಮನೆಯವರ ಜೀವ ತಿನ್ನಲು ಉಳಿದುಕೊಳ್ಳುತ್ತದೆ.

ಮಜಾ ನೋಡಿ. ಆಷಾಢದ ಹೊತ್ತಿಗೆ ನಮ್ಮೂರ ಸುತ್ತಲ ಹೊಲವೆಲ್ಲ ಸೂರ್ಯಕಾಂತಿ, ಚೆಂಡುಹೂ. ಕೇರಳದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳೋದಕ್ಕೆ ಕಾಸು ಇಸಿದುಕೊಳ್ಳುವ ರೈತರೂ ಇದ್ದಾರೆ. ಅತ್ತ ಚಾಮರಾಜನಗರದ ಪಕ್ಕ ಚೆನ್ನಿಪುರದಮೋಳೆಯಲ್ಲಿ ಬಿಡಿ ಹೂವಿನ ವ್ಯಾಪಾರ ಭರಾಟೆಯಿಂದ ನಡೆಯುತ್ತದೆ. ನಾವು ಮಾತ್ರ ಇದ್ಯಾವುದರ ಕಡೆಗೂ ಕತ್ತು ತಿರುಗಿಸದೆ, ಕಾಡು ದಾಟಿ, ಬೆಟ್ಟ ಹತ್ತಿ, ವಾಸನೆಯೇ ಇಲ್ಲದ ಒಂದು ಹೂವನ್ನು ದುಡ್ಡು ಕೊಟ್ಟು ಹೊತ್ತು ತರುತ್ತೇವೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ತಂದದ್ದು ನೀಲಿ. ಎರಡು ಕೈ ಜೋಡಿಸಿ ಹಿಡಿದರೂ ತುಂಬಿ ಚೆಲ್ಲುವಂಥ ಗೊಂಚಲು. ಬೀದಿಯಲ್ಲಿ ಹೂ ಮಾರುವ ಅಕ್ಕ ಬುಟ್ಟಿ ಇಳಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತೀರ್ಪು ಕೊಟ್ಟಳು: “ಯಾತಕ್ ಸಾ ಇದು? ಮುಡಿಯಕ್ಕಾಗದ? ಕಟ್ಟಕ್ಕಾಗದ? ವಾಸ್ನ ಅಂತೂ ಇಲ್ವೇ ಇಲ್ಲ. ಹೂಕೋಸಾಗಿದ್ರೆ ಸಾರಿಗಾದ್ರೂ ಬತ್ತಿತ್ತು!” ಮೇಷ್ಟ್ರು ಅವಳಿಗೆ ಪಾಠ ಶುರು ಮಾಡಿದರು. ನೀನು ಎಸಳು ಅಂದುಕೊಂಡಿರೋದು ಎಸಳಲ್ಲಮ್ಮ, ಹೂವಿನ ತೊಟ್ಟಿನ ಹತ್ತಿರ ಹಸಿರು ಪುಷ್ಪಪತ್ರ ಇರುತ್ತಲ್ಲ, ಅದೇ ಇಲ್ಲಿ ಬಣ್ಣ ಬಳಿದುಕೊಂಡು ಅಗಲವಾಗಿದೆ. ನಿಜವಾದ ಹೂವು ನಡುವೆ ಸಾಸಿವೆ ಗಾತ್ರದ್ದು. “ಅಂದ್ರ ಮೋಸ ಅನ್ನಿ,” ಅಂದು ಅಕ್ಕ ಬುಟ್ಟಿ ಎತ್ತಿಕೊಂಡಳು.

ಈ ಗಿಡದ ಮೊದಲ ಬೇಡಿಕೆ ಅರ್ಧ ನೆರಳು. ನರ್ಸರಿಯವನು ಅಷ್ಟು ಹೇಳಿ ಸುಮ್ಮನಾಗುತ್ತಾನೆ. ಯಾವ ಅರ್ಧ ಅನ್ನುವುದರಲ್ಲಿ ಅಲ್ಲವೇ ಇರುವುದು ಗುಟ್ಟು? ಬೆಳಗಿನ ಎಳೆಬಿಸಿಲು ಬೇಕು, ಅದಿಲ್ಲದಿದ್ದರೆ ಎಲೆ ಸೊಂಪಾಗಿ ಬಂದು ಹೂ ಬರುವುದಿಲ್ಲ. ಹತ್ತು ಹನ್ನೊಂದು ಗಂಟೆಯಾದ ಮೇಲೆ ಬಿಸಿಲು ತಾಕಬಾರದು, ತಾಕಿದರೆ ಎಲೆಯ ಅಂಚು ಸೀದುಹೋಗುತ್ತದೆ. ಊಟಿ 2,240 ಮೀಟರು ಎತ್ತರದಲ್ಲಿದೆ; ನಾವು ಅದರ ಅರ್ಧದಷ್ಟೂ ಎತ್ತರದಲ್ಲಿಲ್ಲ. ಸಾಲದ್ದಕ್ಕೆ ನೀಲಗಿರಿ ಬೆಟ್ಟವೇ ಅಡ್ಡ ಕೂತು ನಮ್ಮ ಪಾಲಿನ ಮುಂಗಾರನ್ನು ತಡೆಯುತ್ತದೆ. ಭೂಗೋಳದ ಪುಸ್ತಕದ ಪ್ರಕಾರ ನಮ್ಮದು ಮಳೆ ನೆರಳಿನ ಸೀಮೆ. ಹೈಡ್ರಾಂಜಿಯಕ್ಕೆ ಮಳೆಯೂ ಬೇಕು, ನೆರಳೂ ಬೇಕು. ನಮ್ಮಲ್ಲಿರೋದು ಮಳೆಯನ್ನು ಕಳೆದು ಉಳಿದ ನೆರಳು.

ಮೇಷ್ಟ್ರು ಗಿಡವನ್ನು ಮೊದಲು ಹುಣಸೆಮರದ ಕೆಳಗೆ ಇಟ್ಟರು. ಹುಣಸೆಯ ಬುಡದಲ್ಲಿ ಹುಲ್ಲೇ ಮೇಲೇಳಲು ಹೆದರುತ್ತದೆ. ಆಮೇಲೆ ತೆಂಗಿನ ಕೆಳಗೆ. ಅದರ ನೆರಳು ಗಿಡದ ಮೇಲೆ ನಿಂತಷ್ಟು ಹೊತ್ತಿಗಿಂತ ಪಕ್ಕದ ತುಳಸಿಕಟ್ಟೆ ಮೇಲೆ ನಿಂತದ್ದೇ ಹೆಚ್ಚು. ನುಗ್ಗೆಯ ಕೆಳಗೆ ಸರಿಯಾದ ತೂತುತೂತಿನ ನೆರಳೇನೋ ಸಿಕ್ಕಿತು, ಜೊತೆಗೆ ಕಂಬಳಿಹುಳವೂ ಸಿಕ್ಕಿತು. ನುಗ್ಗೆಕಾಯಿಗೆ ಬಂದ ನೆಂಟರೊಬ್ಬರು ಜಗ್ಗಿದ ರಭಸಕ್ಕೆ ಕೊಂಬೆ ಮುರಿದು, ಕಾಯಿ ಸಮೇತ ಗಿಡದ ಮೇಲೆ ಬಿತ್ತು.

ಅಷ್ಟರಲ್ಲಿ ಪಡುವಣ ಮಗ್ಗುಲಿನ ಮನೆಯವರು ಮಾಳಿಗೆ ಏರಿಸಲು ಶುರು ಮಾಡಿದರು. ಬೀದಿಯವರೆಲ್ಲ ಗಾಳಿ ಹೋಯ್ತು, ಬೆಳಕು ಹೋಯ್ತು, ಬಟ್ಟೆ ಒಣಗಲ್ಲ ಅಂತ ಗೊಣಗಿದರು. ಮೇಷ್ಟ್ರೊಬ್ಬರೇ ದಿನಾ ಸಂಜೆ ಹೋಗಿ, “ಇನ್ನೊಂದೆರಡು ವರಸೆ ಇಟ್ಟಿಗೆ ಏರಿಸಿ ಸ್ವಾಮಿ, ಗಟ್ಟಿಯಾಗಿರುತ್ತೆ,” ಅಂತ ಹುರಿದುಂಬಿಸುತ್ತಿದ್ದರು. ಗಾರೆಯವನಿಗೆ ಟೀ ಕೊಡಿಸಿದ್ದೂ ಅವರೇ. ತಾರಸಿ ಹಾಕಿದ ದಿನ ಮಧ್ಯಾಹ್ನ ಹನ್ನೆರಡರ ಮೇಲೆ ಗೋಡೆಯ ನೆರಳು ತೆವಳಿ ಬಂದು ಕುಂಡವನ್ನು ಮುಟ್ಟಿತು. ಪಕ್ಕದ ಮನೆಯವನ ಏಳಿಗೆಯನ್ನು ಇಷ್ಟು ಮನಸಾರೆ ಹಾರೈಸಿದವರನ್ನು ನಾನಂತೂ ಬೇರೆ ಕಂಡಿಲ್ಲ.

ನೆರಳು ಸಿಕ್ಕಿದರೂ ಬೇಗೆ ಬಿಡದು. ಬೇಸಿಗೆಯ ಮಟಮಟ ಮಧ್ಯಾಹ್ನ ಅಂಗೈಯಗಲದ ಆ ಎಲೆಗಳೆಲ್ಲ ಒಟ್ಟಿಗೆ ಜೋತುಬೀಳುತ್ತವೆ. ಬೇರು ಎಳೆಯುವ ನೀರಿಗಿಂತ ಎಲೆ ಬಿಡುವ ನೀರು ಜಾಸ್ತಿಯಾದಾಗ ಹೀಗಾಗುತ್ತದೆ; ಸಂಜೆ ತಂಪಾದರೆ ತಾನೇ ಎದ್ದು ನಿಲ್ಲುತ್ತದೆ. ಮನೆಗೆ ಬಂದ ಹೊಸ ಅಳಿಯ ಊಟದ ಹೊತ್ತಿಗೆ ಮುಖ ಬಾಡಿಸಿಕೊಂಡು ಕೂತಂತೆ ಇದು. ಮನೆಮಂದಿಯೆಲ್ಲ ಗಾಬರಿಬಿದ್ದು ಒಬ್ಬೊಬ್ಬರೂ ಒಂದೊಂದು ಚೊಂಬು ನೀರು ಸುರಿದರೆ ಬೇರು ಕೊಳೆಯುತ್ತದೆ. ಮಣ್ಣಿಗೆ ಬೆರಳು ತೂರಿಸಿ ನೋಡಬೇಕು, ಒಳಗೆ ಒದ್ದೆಯಿದ್ದರೆ ಸುಮ್ಮನಿರಬೇಕು. ಸುಮ್ಮನಿರುವುದು ನಮ್ಮ ಕಡೆಯವರಿಂದ ಆಗದ ಕೆಲಸ. ಆಷಾಢದ ಗಾಳಿಯಂತೂ ಇನ್ನೊಂದು ಬಗೆ: ಮಳೆ ತರದೆ ಬರೀ ಧೂಳು ಹೊತ್ತು ತಂದು ಎಲೆಯ ಪಸೆಯನ್ನು ಹೀರುತ್ತದೆ. ಬುಡಕ್ಕೆ ತೆಂಗಿನ ನಾರು, ಒಣಗಿದ ತರಗು ಮುಚ್ಚಿದರೆ ಒಂದಿಷ್ಟು ತಡೆಯಬಹುದು.

ನಿಜವಾದ ರಂಪ ನಡೆದದ್ದು ಎರಡನೆಯ ವರ್ಷ. ನೀಲಿ ಗಿಡ ಗುಲಾಬಿ ಬಣ್ಣದ ಹೂ ಬಿಟ್ಟಿತು! ನರ್ಸರಿಯವನು ಟೋಪಿ ಹಾಕಿದ ಅಂತ ಮನೆಯವರೆಲ್ಲ ಹಾರಾಡಿದರು. ಪಾಪ, ಅವನದೇನೂ ತಪ್ಪಿಲ್ಲ. ಊಟಿಯ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ, ಅಂದರೆ ಪಿಎಚ್ 5.5ರ ಆಸುಪಾಸಿನಲ್ಲಿ, ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವಿನೊಳಗಿನ ಬಣ್ಣದ ಜೊತೆ ಸೇರಿ ನೀಲಿಯಾಗುತ್ತದೆ. 6.5 ದಾಟಿತೋ, ಅಲ್ಯೂಮಿನಿಯಂ ಮಣ್ಣಿನಲ್ಲೇ ಸಿಕ್ಕಿಕೊಂಡು ಹೂ ಗುಲಾಬಿಯಾಗುತ್ತದೆ. ನಡುವೆ ಇದ್ದರೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ನೇರಳೆ. ಬಿಳಿ ಜಾತಿಯದು ಮಾತ್ರ ಈ ರಾಜಕೀಯಕ್ಕೆ ಬರುವುದಿಲ್ಲ, ಬಿಳಿಯಾಗಿಯೇ ಇರುತ್ತದೆ. ಮೇಷ್ಟ್ರ ಮನೆಯ ಬೋರ್ ನೀರು ಎಂಥದು ಅನ್ನುವುದಕ್ಕೆ ಬಚ್ಚಲ ಹಂಡೆಯ ಒಳಗೆ ಕೈಯಾಡಿಸಿದರೆ ಸಾಕು, ಬಿಳಿ ಪೊರೆ ಚಕ್ಕೆಚಕ್ಕೆಯಾಗಿ ಕೈಗೆ ಬರುತ್ತದೆ. ಆ ಸುಣ್ಣದ ನೀರು ಕುಡಿದ ಗಿಡ ಇನ್ನೇನು ಮಾಡೀತು?

ಸಲಹೆಗಳು ಬಂದವು. ಒಬ್ಬರು ತುಕ್ಕು ಮೊಳೆ ಹೂಳಿ ಅಂದರು. ಮೊಳೆಯಲ್ಲಿರೋದು ಕಬ್ಬಿಣ, ಅದರಿಂದ ಇದಕ್ಕೇನಾಗಬೇಕು? ಇನ್ನೊಬ್ಬರು ಅಲ್ಯೂಮಿನಿಯಂ ಪಾತ್ರೆ ಹೂಳಿ ಅಂದರು. ಮೇಷ್ಟ್ರ ಮನೆಯವರು ಆವತ್ತೇ ಅಡುಗೆಮನೆಯ ಪಾತ್ರೆ ಎಣಿಸಿಟ್ಟುಕೊಂಡರು. ನಮ್ಮ ಕೆಂಪು ಮಣ್ಣಿನಲ್ಲಿ ಅಲ್ಯೂಮಿನಿಯಮ್ಮಿಗೆ ಬರವಿಲ್ಲ, ಬಿಡಿಸಿಕೊಡುವ ಹುಳಿಗೆ ಬರ. ಅರಿಶಿನದ ಹೊಲದವರೊಬ್ಬರು ಉಳಿದಿದ್ದ ಡಿಎಪಿ ಗೊಬ್ಬರ ಒಂದು ಹಿಡಿ ಪ್ರೀತಿಯಿಂದ ಹಾಕಿಹೋದರು. ರಂಜಕ ಅಲ್ಯೂಮಿನಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೂ ಇನ್ನಷ್ಟು ಗುಲಾಬಿಯಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಗ್ರಂಥಿಗೆ ಅಂಗಡಿಯ ಸ್ಫಟಿಕ, ದೃಷ್ಟಿ ತಾಗದಿರಲಿ ಅಂತ ಬಾಗಿಲಿಗೆ ಕಟ್ಟುತ್ತಾರಲ್ಲ, ಅದೇ. ಅದರಲ್ಲಿ ಅಲ್ಯೂಮಿನಿಯಮ್ಮೂ ಇದೆ, ಮಣ್ಣನ್ನು ಹುಳಿಯಾಗಿಸುವ ಗುಣವೂ ಇದೆ. ಚೂರೇ ಚೂರು ಪುಡಿಯನ್ನು ಮಳೆನೀರಿನಲ್ಲಿ ಕದಡಿ ಹಾಕಬೇಕು. ಜಾಸ್ತಿಯಾದರೆ ಬೇರು ಸುಡುತ್ತದೆ.

ಇನ್ನು ಕತ್ತರಿ. ಸಂಕ್ರಾಂತಿಗೆ ಅಂಗಳ ಒಪ್ಪ ಮಾಡುವ ಹುರುಪಿನಲ್ಲಿ ಗಿಡದ ತಲೆ ಬೋಳಿಸುವವರು ಬೀದಿಗೆ ಇಬ್ಬರಾದರೂ ಇರುತ್ತಾರೆ. ಈ ಗಿಡ ಮುಂದಿನ ಹೂವಿನ ಮೊಗ್ಗನ್ನು ಹಳೆಯ ಕಡ್ಡಿಯ ತುದಿಯಲ್ಲಿ ಮೊದಲೇ ಬಚ್ಚಿಟ್ಟುಕೊಂಡಿರುತ್ತದೆ, ಅದನ್ನು ಹದಗೊಳಿಸುವುದು ಧನುರ್ಮಾಸದ ಚಳಿ. ನಮ್ಮಲ್ಲಿ ಸಿಗುವುದೇ ನಾಲ್ಕು ದಿನದ ಚಳಿ. ಅದನ್ನು ನಂಬಿ ಕೂತ ಮೊಗ್ಗನ್ನು ಕತ್ತರಿಸಿ ತಿಪ್ಪೆಗೆಸೆದು, ಆಮೇಲೆ ಊಟಿ ಗಿಡ ನಮ್ಮೂರಿಗೆ ಒಗ್ಗಲ್ಲ ಅನ್ನುವುದು! ಕತ್ತರಿಸಬೇಕಾದದ್ದು ಹೂ ಬಾಡಿದ ಕೂಡಲೇ. ಹಾಗೆ ಕತ್ತರಿಸಿದ್ದನ್ನು ಮೇಕೆಗೆ ಹಾಕಬೇಡಿ, ಎಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಇದೇ ಕುಲದ ಇನ್ನೊಂದು ಗಿಡದ ಎಲೆಯಿಂದ ಜಪಾನಿನವರು ಸಿಹಿ ಕಷಾಯ ಮಾಡಿ ಏಪ್ರಿಲ್ 8ರಂದು ಬಾಲಬುದ್ಧನ ವಿಗ್ರಹಕ್ಕೆ ಎರೆಯುತ್ತಾರೆ. ಅದು ಬೇರೆ ಜಾತಿ, ನೀವು ಕಾಯಿಸಿ ನೋಡಲು ಹೋಗಬೇಡಿ.

ಗಿಡದ ತವರು ಜಪಾನೇ. 1823ರಲ್ಲಿ ನಾಗಸಾಕಿಗೆ ಬಂದ ಸೀಬೋಲ್ಡ್ ಎಂಬ ಜರ್ಮನ್ ವೈದ್ಯ ಅಲ್ಲಿ ಒಟಾಕಿ ಎಂಬಾಕೆಯೊಂದಿಗೆ ಸಂಸಾರ ಹೂಡಿ, ಆಮೇಲೆ ಈ ಹೂವಿಗೆ ‘ಒಟಾಕ್ಸ’ ಅಂತ ಹೆಸರಿಟ್ಟ. ಈ ಕಥೆಯನ್ನು ಮೇಷ್ಟ್ರು ಮನೆಯವರಿಗೂ ಹೇಳಿದ್ದಾರೆ. “ನನ್ನ ಹೆಸರು ಅದಕ್ಕಿಡಬೇಡಿ, ಮೂರು ಹೊತ್ತೂ ನೀರು ಹೊತ್ತು ಹಾಕ್ತಿರೋಳು ನಾನು. ನಿಮ್ಮ ಮಹಾರಾಣಿಗೆ ಬೇರೆ ಹೆಸರು ನೋಡಿ,” ಅಂತ ಉತ್ತರ ಬಂತು.

ಈ ವರ್ಷ ಮಹಾರಾಣಿ ಮೂರು ಗೊಂಚಲು ಬಿಟ್ಟಿದ್ದಾಳೆ, ಅದರಲ್ಲಿ ಒಂದು ನೇರಳೆಗೆ ತಿರುಗಿದೆ. ಮಾಳಿಗೆ ಮನೆಯವರು ಗೃಹಪ್ರವೇಶದ ಕಾಗದ ಕೊಡಲು ಬಂದವರು ಅದನ್ನೇ ನೋಡುತ್ತ ನಿಂತು, “ನೆರಳು ನಮ್ದು ತಾನೆ ಮೇಷ್ಟ್ರೇ? ವಾರದ ಲೆಕ್ಕದಲ್ಲಿ ಅರ್ಧ ಬೆಳೆ ನಮಗೆ ಬರಬೇಕು,” ಅಂದರಂತೆ. ಹಾಗಾದರೆ ನೀರಿನ ಬಿಲ್ಲಿನಲ್ಲೂ ಅರ್ಧ ಕಟ್ಟಿ ಅಂದಿದ್ದಾರೆ ಮೇಷ್ಟ್ರು. ಒಂದೂವರೆ ಗೊಂಚಲನ್ನು ಹೇಗೆ ಕೊಯ್ಯೋದು ಅನ್ನುವುದರ ಮೇಲೆ ಮಾತುಕತೆ ಇನ್ನೂ ನಡೆದಿದೆ.